ಶಾಲೆಯ ಗಾಡಿಗೆ ಯಾವ ಡ್ರೈವರ್ ವಾಸಿ, ಯಾವ ಗಾಡಿ ವಾಸಿ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಸುತ್ತಲಿನ ಊರುಗಳಿಂದ ಮಕ್ಕಳು ಬರುತ್ತಾರೆ. ಈ ವರ್ಷ ಶಾಲೆಯಿಂದಲೇ ಒಂದು ಗಾಡಿ ತೆಗೆದುಕೊಂಡು ಡ್ರೈವರ್ ಇಟ್ಟುಕೊಳ್ಳೋಣ ಎಂದು ತೀರ್ಮಾನವಾಗಿದೆ. ಆಡಳಿತ ಮಂಡಳಿಯಲ್ಲಿ ನಾನೂ ಇದ್ದೇನೆ. ನನ್ನ ಮಗಳೂ ಅದೇ ಗಾಡಿಯಲ್ಲಿ ಹೋಗುವವಳು. ಕೆಲಸ ಕೇಳಿ ಮೂವರು ಬಂದಿದ್ದಾರೆ. ಒಬ್ಬ 24 ವರ್ಷದ ಹುಡುಗ, ಡಿಗ್ರಿ ಓದಿದ್ದಾನೆ, ಕಾರು ಓಡಿಸಿ ಅಭ್ಯಾಸ. ಇನ್ನೊಬ್ಬರು 46 ವರ್ಷದ ಲಾರಿ ಡ್ರೈವರ್, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮೂರನೆಯವರು ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು, 61 ವರ್ಷ. ‘ಲಾರಿಯವರು ಬೇಡ, ಓದಿಲ್ಲ, ಆ ಜನವೇ ಹಾಗೆ. ಓದಿದ ಹುಡುಗನೇ ಇರಲಿ’ ಎನ್ನುವುದು ಹೆಚ್ಚಿನವರ ಮಾತು. ಗಾಡಿಯ ವಿಷಯದಲ್ಲೂ ಒಮ್ಮತವಿಲ್ಲ. ಸೆಕೆಂಡ್ ಹ್ಯಾಂಡ್ ವ್ಯಾನ್ ಸಾಕು ಅಂತ ಕೆಲವರು, ಟಿಟಿ (ಟೆಂಪೋ ಟ್ರಾವೆಲರ್) ಅಂತ ಕೆಲವರು, ಮಿನಿ ಬಸ್ಸೇ ಬೇಕು ಅಂತ ಇನ್ನು ಕೆಲವರು. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಮಸ್ಕಾರ ಅಮ್ಮ. ನಿಮ್ಮ ಪತ್ರ ಓದಿ ಸಂತೋಷವಾಯಿತು. ಗಾಡಿ ತೆಗೆದುಕೊಳ್ಳುವ ಮೊದಲು ಇಷ್ಟು ಯೋಚನೆ ಮಾಡುವವರು ಕಡಿಮೆ. ನಾನು ಮೋಟಾರು ವಾಹನ ನಿರೀಕ್ಷಕನಾಗಿ ಕೆಲಸ ಮಾಡಿದವನು. ಅಪಘಾತವಾದ ಮೇಲೆ ಆ ಗಾಡಿಯನ್ನು ಪರೀಕ್ಷೆ ಮಾಡಿ, ಬ್ರೇಕ್ ಸರಿಯಿತ್ತೋ ಇಲ್ಲವೋ, ಸ್ಟೇರಿಂಗ್ ಸರಿಯಿತ್ತೋ ಇಲ್ಲವೋ ಎಂದು ವರದಿ ಕೊಡುವುದು ನಮ್ಮ ಕೆಲಸ. ಹಾಗಾಗಿ ನಿಮ್ಮ ಪ್ರಶ್ನೆಗೆ ನುಜ್ಜುಗುಜ್ಜಾದ ಗಾಡಿಗಳ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಒಂದು ಬೆಳಗ್ಗೆ ನೋಡಿದ ವ್ಯಾನ್ ಇವತ್ತಿಗೂ ಕಣ್ಣ ಮುಂದಿದೆ. ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದಿನಿಂದ ಹೋಗಿ ಗುದ್ದಿತ್ತು. ನೇರ ರಸ್ತೆ, ಮಳೆಯಿಲ್ಲ, ಬಿಸಿಲು ಬಂದಿತ್ತು. ಬ್ರೇಕ್ ಪೆಡಲ್ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಟೈರು ಹೊಸದು. ಆಮೇಲೆ ರಸ್ತೆ ಮೇಲೆ ಹಿಂದಕ್ಕೆ ನಡೆದುಕೊಂಡು ಹೋಗಿ ನೋಡಿದೆ. ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ಒಂದು ಅಡಿಯಷ್ಟೂ ಇಲ್ಲ. ಎಚ್ಚರವಿದ್ದ ಮನುಷ್ಯ ಕೊನೇ ಗಳಿಗೆಯಲ್ಲಾದರೂ ಬ್ರೇಕ್ ತುಳಿಯುತ್ತಾನೆ, ಇಲ್ಲಾ ಸ್ಟೇರಿಂಗ್ ಎಳೆಯುತ್ತಾನೆ. ಆ ಡ್ರೈವರ್ ಬಿ.ಕಾಂ. ಓದಿದ ಹುಡುಗ. ಕುಡಿಯುತ್ತಿರಲಿಲ್ಲ. ಹಿಂದಿನ ರಾತ್ರಿ ಏರ್‌ಪೋರ್ಟಿಗೆ ಬಾಡಿಗೆ ಹೋಗಿ ಬೆಳಗಿನ ಜಾವ ವಾಪಸ್ ಬಂದು, ಮುಖ ತೊಳೆದುಕೊಂಡು ಹಾಗೇ ಗಾಡಿ ತೆಗೆದಿದ್ದ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆದರು. ನನ್ನ ವರದಿಯಲ್ಲಿ ‘ಯಾಂತ್ರಿಕ ದೋಷ ಇಲ್ಲ’ ಎಂದು ಬರೆದೆ. ನಿದ್ದೆ ಎಂಬ ಮಾತು ಎರಡರಲ್ಲೂ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಮೂವರಿಗೂ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಓದಿದ್ದೀರಿ’ ಅಲ್ಲ. ‘ಬೇರೆ ಏನೇನು ಕೆಲಸ ಮಾಡುತ್ತೀರಿ, ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ’ ಎಂದು ಕೇಳಿ. 17ರಿಂದ 19 ಗಂಟೆ ಸತತವಾಗಿ ಎದ್ದಿರುವ ಮನುಷ್ಯನ ಕೈಕಾಲು ಎಷ್ಟು ನಿಧಾನವಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇದ್ದವನಷ್ಟೇ ನಿಧಾನವಾಗುತ್ತದೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಅಂದರೆ ಒಂದು ತೊಟ್ಟೂ ಕುಡಿಯದ, ತುಂಬ ಓದಿದ, ಒಳ್ಳೆಯ ಮನೆತನದ ಹುಡುಗನೂ ನಿದ್ದೆಗೆಟ್ಟರೆ ಕುಡಿದವನ ಲೆಕ್ಕವೇ. ಬ್ರೆತ್ ಅನಲೈಸರ್‌ನಲ್ಲಿ ಅದು ಸಿಗುವುದಿಲ್ಲ, ಅಷ್ಟೇ.

ಓದಿನ ವಿಷಯಕ್ಕೆ ಬರೋಣ. ಮೊದಲು ಸಾರಿಗೆ ವಾಹನ ಓಡಿಸುವ ಲೈಸೆನ್ಸ್‌ಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಹರಿಯಾಣದ ಮೇವಾತ್ ಕಡೆ ಡ್ರೈವಿಂಗ್ ನಂಬಿಯೇ ಬದುಕುವ, ಶಾಲೆ ಮುಖ ನೋಡದ ಜನ ಬಹಳ ಇದ್ದಾರೆ. ಆ ರಾಜ್ಯದಿಂದ ಬಂದ ಬೇಡಿಕೆ ಮೇಲೆ ಈ ಬದಲಾವಣೆ ಬಂತು. ಗಾಡಿ ಓಡಿಸುವುದು ಕೈಯ ಕಸುಬು, ಅದಕ್ಕೆ ಬೇಕಾದದ್ದು ತರಬೇತಿ ಮತ್ತು ಬಿಗಿಯಾದ ಪರೀಕ್ಷೆ ಎಂಬುದು ಸರ್ಕಾರದ ವಾದವಾಗಿತ್ತು. ನನಗೆ ಅದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಬೋರ್ಡ್ ಓದಲು ಬರಬೇಕು, ಗುರುತು ತಿಳಿಯಬೇಕು, ನಿಜ. ಅದಕ್ಕಿಂತ ಜಾಸ್ತಿ ಓದಿದ್ದು ಬ್ರೇಕ್ ಪೆಡಲ್ ಮೇಲೆ ಏನೂ ಕೆಲಸ ಮಾಡುವುದಿಲ್ಲ.

‘ಆ ಜನವೇ ಹಾಗೆ’ ಎಂಬ ಮಾತನ್ನು ನಿಮ್ಮ ಸಭೆಯಲ್ಲಿ ಯಾರೇ ಹೇಳಲಿ, ಅಲ್ಲೇ ನಿಲ್ಲಿಸಿಬಿಡಿ. ಊರು, ಜಾತಿ, ಧರ್ಮ ನೋಡಿ ಅಪಘಾತ ಆಗುವುದನ್ನು ನಾನು ಕಂಡಿಲ್ಲ.

ಆದರೂ ಲಾರಿಯವರಿಂದಲೇ ಜಾಸ್ತಿ ಅಪಘಾತ ಅಂತ ಎಲ್ಲರಿಗೂ ಅನ್ನಿಸುತ್ತದಲ್ವಾ? ಅದರಲ್ಲಿ ಒಂದು ಲೆಕ್ಕದ ತಪ್ಪಿದೆ. ನಿಮ್ಮ ಮನೆಯ ಕಾರು ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಓಡಬಹುದು. ಲಾರಿಯವರು ಅಷ್ಟನ್ನು ಒಂದೂವರೆ ತಿಂಗಳಲ್ಲಿ ಓಡಿಸಿಬಿಡುತ್ತಾರೆ. ಹತ್ತು ವರ್ಷದಲ್ಲಿ ಇಬ್ಬರಿಗೂ ಒಂದೊಂದು ಅಪಘಾತ ಆದರೆ ಯಾರು ಹುಷಾರು? ಓಡಿದ ಕಿಲೋಮೀಟರ್ ಕೇಳದೆ ಅಪಘಾತ ಮಾತ್ರ ಎಣಿಸಿದರೆ ಕೆಲಸ ಜಾಸ್ತಿ ಮಾಡಿದವನೇ ತಪ್ಪಿತಸ್ಥನಾಗಿ ಕಾಣುತ್ತಾನೆ. ಇನ್ನೊಂದು ವಿಷಯವೂ ಇದೆ. ನಮ್ಮ ಕಡೆ ಡಿಕ್ಕಿ ಆದರೆ ದೊಡ್ಡ ಗಾಡಿಯವನ ಮೇಲೇ ಕೇಸು ಬೀಳುವುದು ರೂಢಿ. ಬೈಕಿನವನು ರಾಂಗ್ ಸೈಡಲ್ಲಿ ಬಂದು ಬಸ್ಸಿಗೆ ಗುದ್ದಿದರೂ ಮೊದಲು ಬಸ್ ಡ್ರೈವರ್ ಹೆಸರೇ ಬರೆಯುತ್ತಾರೆ. ಹಾಗಾಗಿ ‘ಇವರ ಮೇಲೆ ಕೇಸಿದೆ’ ಎಂದು ಕೇಳಿದ ಕೂಡಲೇ ಹೌಹಾರಬೇಡಿ. ಏನಾಗಿತ್ತು, ಕೋರ್ಟಿನಲ್ಲಿ ಏನಾಯಿತು ಎಂದು ಕೂತು ಕೇಳಿ.

ಮಾಡಿದ ತಪ್ಪಿನ ದಾಖಲೆ ಮಾತ್ರ ಬಹಳ ಮುಖ್ಯ. ಇದಕ್ಕೆ ನಿಮಗೆ ಸುಪ್ರೀಂ ಕೋರ್ಟಿನ ಬಲವೇ ಇದೆ. 1997ರ ನವೆಂಬರ್‌ನಲ್ಲಿ ದಿಲ್ಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿತ್ತು. ಹಿಡಿಸುವುದಕ್ಕಿಂತ ಜಾಸ್ತಿ ಮಕ್ಕಳಿದ್ದರು. 28 ಮಕ್ಕಳು ತೀರಿಹೋದರು. ಅದರ ಬೆನ್ನಿಗೇ, ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ ಕೋರ್ಟು ಶಾಲಾ ಬಸ್ಸುಗಳಿಗೆ ನಿಯಮ ಹಾಕಿತು. ಡ್ರೈವರಿಗೆ ಭಾರಿ ವಾಹನ ಓಡಿಸಿದ ಐದು ವರ್ಷದ ಅನುಭವ ಇರಬೇಕು. ಸಿಗ್ನಲ್ ಹಾರಿದ್ದು, ಲೇನ್ ತಪ್ಪಿದ್ದು, ಬೇರೆಯವರ ಕೈಗೆ ಗಾಡಿ ಕೊಟ್ಟದ್ದು, ಇಂಥದಕ್ಕೆ ವರ್ಷದಲ್ಲಿ ಎರಡು ಸಲಕ್ಕಿಂತ ಹೆಚ್ಚು ದಂಡ ಬಿದ್ದಿರಬಾರದು. ಅತಿವೇಗಕ್ಕೆ, ಕುಡಿದು ಓಡಿಸಿದ್ದಕ್ಕೆ ಒಂದು ಸಲವೂ ಬಿದ್ದಿರಬಾರದು. ನೋಡಿ, ಇದರಲ್ಲಿ ಎಲ್ಲೂ ಡಿಗ್ರಿ ಮಾತಿಲ್ಲ. ಕೇಳಿರುವುದೆಲ್ಲ ಆ ಮನುಷ್ಯ ಸ್ಟೇರಿಂಗ್ ಹಿಡಿದು ಏನು ಮಾಡಿದ್ದಾನೆ ಎಂಬುದನ್ನೇ. ಆ ನಿಯಮ ಮುಂದೆ ದೇಶದ ಬೇರೆ ಕಡೆಯ ಶಾಲೆಗಳಿಗೂ ಮಾದರಿಯಾಯಿತು. ಮೂವರ ಡಿಎಲ್ ನಂಬರ್, ಅವರು ಓಡಿಸಿದ ಗಾಡಿಗಳ ನಂಬರ್ ತೆಗೆದುಕೊಂಡು ಇ-ಚಲನ್‌ನಲ್ಲಿ ದಂಡದ ದಾಖಲೆ ನೋಡಿ. ಐದು ನಿಮಿಷದ ಕೆಲಸ.

ಈ ಅಳತೆಯಲ್ಲಿ 24ರ ಹುಡುಗ ನಿಲ್ಲುವುದಿಲ್ಲ. ಅವನಲ್ಲೇನೂ ಕೆಟ್ಟದ್ದಿಲ್ಲ, ವಯಸ್ಸು ಮತ್ತು ಅನುಭವದ ಮಾತು ಅಷ್ಟೇ. ಹೊಸಬರ ಕಣ್ಣು ಬಾನೆಟ್ಟಿನ ಮುಂದಿನ ಹತ್ತು ಹೆಜ್ಜೆಯಲ್ಲೇ ಇರುತ್ತದೆ. ಪಳಗಿದವರು ದೂರದ ತಿರುವಿನಲ್ಲಿ ಎದ್ದ ಧೂಳು ನೋಡಿಯೇ ಕಾಲು ಎತ್ತುತ್ತಾರೆ. ಲೈಸೆನ್ಸಿನ ಮಟ್ಟಿಗೆ ನೋಡಿದರೆ ಅವನು ಟಿಟಿ ಓಡಿಸಬಹುದು. ಎಲ್‌ಎಂವಿ, ಅಂದರೆ ಹಗುರ ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಲು ಬೇರೆ ಅನುಮತಿ ಬೇಡ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಇಂಥವರಿಂದಲೇ ಅಪಘಾತ ಹೆಚ್ಚಾಗಿದೆ ಎಂದು ತೋರಿಸುವ ಅಂಕಿ ಅಂಶವನ್ನು ಯಾರೂ ಮುಂದಿಟ್ಟಿಲ್ಲ ಎಂದೂ ಪೀಠ ಗಮನಿಸಿತು. ಸರಿಯೇ. ಆದರೆ ಆ ಲೈಸೆನ್ಸ್ ಸಾಕು, ಇನ್ಶೂರೆನ್ಸ್ ಸಿಗುತ್ತದೆ ಎನ್ನುವುದು ಬೇರೆ, ಇಪ್ಪತ್ತು ಮಕ್ಕಳನ್ನು ಕೈಗೆ ಕೊಡುವುದು ಬೇರೆ. ಆ ಹುಡುಗನಿಗೆ ಬೇಸರ ಮಾಡಬೇಡಿ. ಮೊದಲ ವರ್ಷ ಗಾಡಿಯಲ್ಲಿ ಅಟೆಂಡರ್ ಆಗಿ ಇರಲಿ, ಹೆವಿ ಲೈಸೆನ್ಸ್ ಮಾಡಿಸಿಕೊಳ್ಳಲಿ.

61ರವರ ಬಗ್ಗೆ ನನಗೆ ಒಲವು ಜಾಸ್ತಿ, ಮುಚ್ಚಿಡುವುದಿಲ್ಲ. ನಮ್ಮ ಸಾರಿಗೆ ನಿಗಮದಲ್ಲಿ ಅಪಘಾತ ಮಾಡದೆ ವರ್ಷಗಟ್ಟಲೆ ಓಡಿಸಿದ ಡ್ರೈವರುಗಳಿಗೆ ಬೆಳ್ಳಿ ಪದಕ, ಚಿನ್ನದ ಪದಕ ಕೊಡುವ ಪದ್ಧತಿ ಇದೆ. ಇವರಿಗೆ ಬಂದಿದೆಯೇ ಕೇಳಿ. ಬಂದಿದ್ದರೆ ಅದು ಯಾವ ಸರ್ಟಿಫಿಕೇಟಿಗೂ ಕಡಿಮೆಯಲ್ಲ. ಅಲ್ಲಿ ಡ್ಯೂಟಿಗೆ ಲೆಕ್ಕ ಇತ್ತು, ಡಿಪೋದಲ್ಲಿ ಗಾಡಿ ನೋಡುವವರಿದ್ದರು, ತಪ್ಪು ಮಾಡಿದರೆ ಕೇಳುವವರಿದ್ದರು. ಅಂಥ ಕಡೆ ಮೂವತ್ತು ವರ್ಷ ಇದ್ದವರ ಕೈಗೆ ಒಂದು ಶಿಸ್ತು ಬಂದಿರುತ್ತದೆ. ಆದರೆ ವಯಸ್ಸಿಗೆ ತಕ್ಕ ಪರೀಕ್ಷೆ ಬೇಕೇ ಬೇಕು. ಕಣ್ಣಿನ ಪೊರೆ ಶುರುವಾಗಿದ್ದರೆ ಎದುರಿನ ಹೆಡ್‌ಲೈಟ್ ಬೆಳಕು ಕಣ್ಣಿಗೆ ಒಡೆದು ಹರಡುತ್ತದೆ, ಪಕ್ಕದಲ್ಲಿ ನಡೆಯುವವರು ಕಾಣುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಂಡು ತಿಂಡಿ ತಿನ್ನದೆ ಬಂದರೆ ತಲೆ ಸುತ್ತು ಬರಬಹುದು. ಕಣ್ಣು, ಬಿಪಿ, ಶುಗರ್ ಆರು ತಿಂಗಳಿಗೊಮ್ಮೆ ಶಾಲೆಯ ಖರ್ಚಿನಲ್ಲೇ ಮಾಡಿಸಿ.

ಲಾರಿಯವರನ್ನೂ ಸುಮ್ನೆ ಬಿಟ್ಟುಬಿಡಬೇಡಿ. ಲಾರಿ ಕೆಲಸ ಮನುಷ್ಯನನ್ನು ಹೇಗೆ ಹಿಂಡುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಕಾಯ್ದೆ ಬಂದು ಅರವತ್ತು ವರ್ಷ ಕಳೆದ ಮೇಲೂ ಎಂಟು ಗಂಟೆಗೆ ಇಳಿದು ಮಲಗಿದ ಲಾರಿ ಡ್ರೈವರನ್ನು ನಾನು ಬೆರಳೆಣಿಕೆಯಷ್ಟೂ ನೋಡಿಲ್ಲ. ಟ್ರಿಪ್ಪಿಗೆ ಇಷ್ಟು ಎಂದು ಕೊಡುವಾಗ ಯಾರು ನಿಂತಾರು? ಎಂಜಿನ್ ಬಿಸಿ ಕಾಲಿಗೆ ಹೊಡೆಯುವ ಕ್ಯಾಬಿನ್‌ನಲ್ಲಿ ರಾತ್ರಿಯಿಡೀ ಕೂರಬೇಕು. 2025ರಿಂದ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ, ಅದು ಆಗಬೇಕಾದ ಕೆಲಸವೇ. ಅದೇ ಮನುಷ್ಯನಿಗೆ ಹಗಲು ಕೆಲಸ, ತಿಂಗಳ ಸಂಬಳ, ರಾತ್ರಿ ನಿದ್ದೆ ಕೊಟ್ಟರೆ ಬೇರೆಯೇ ಡ್ರೈವರ್ ಆಗುತ್ತಾರೆ. ಹಾಗಾದ ಉದಾಹರಣೆ ಎಷ್ಟೋ ನೋಡಿದ್ದೇನೆ.

ಇಲ್ಲಿ ಶಾಲೆಯವರಾದ ನಿಮಗೂ ಒಂದು ಮಾತು ಹೇಳಲೇಬೇಕು. ಶಾಲಾ ಡ್ರೈವರಿಗೆ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ತಾನೇ ಕೆಲಸ ಎಂದು ಅರ್ಧ ಸಂಬಳ ಕೊಡುತ್ತಾರೆ. ಆ ಸಂಬಳದಲ್ಲಿ ಸಂಸಾರ ನಡೆಯುವುದಿಲ್ಲ. ರಾತ್ರಿ ಬಾಡಿಗೆ ಶುರುವಾಗುತ್ತದೆ. ನಾನು ಮೊದಲು ಹೇಳಿದ ವ್ಯಾನ್ ಹುಡುಗನ ಕಥೆ ಅಲ್ಲಿಂದಲೇ ಹುಟ್ಟಿದ್ದು. ಪೂರ್ತಿ ಸಂಬಳ ಕೊಡಿ, ಮಧ್ಯಾಹ್ನ ಶಾಲೆಯಲ್ಲೇ ಬೇರೆ ಕೆಲಸ ಕೊಡಿ, ಮಲಗಲು ಒಂದು ಮಂಚ ಹಾಕಿಸಿ.

ಇನ್ನು ಗಾಡಿ. ಡಿಕ್ಕಿ ಆಗುವುದಕ್ಕೆ ಡ್ರೈವರ್ ಕಾರಣ ಇರಬಹುದು, ರಸ್ತೆ ಕಾರಣ ಇರಬಹುದು. ಆದರೆ ಆದ ಮೇಲೆ ಯಾರು ಬದುಕುತ್ತಾರೆ ಎಂಬುದನ್ನು ಬಹುಮಟ್ಟಿಗೆ ಗಾಡಿಯೇ ತೀರ್ಮಾನ ಮಾಡುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 44.5 ಬೈಕು, ಸ್ಕೂಟರಿನವರು. ಶೇ. 19.5 ನಡೆದು ಹೋಗುತ್ತಿದ್ದವರು. ಕಾರು, ಜೀಪು, ವ್ಯಾನಿನಂಥ ಗಾಡಿಗಳಲ್ಲಿದ್ದವರು ಶೇ. 12.5. ಬಸ್ಸಿನಲ್ಲಿದ್ದವರು ಶೇ. 3ಕ್ಕಿಂತ ಕಡಿಮೆ. ದಿನಾ ಎಷ್ಟು ಕೋಟಿ ಜನ ಬಸ್ಸಿನಲ್ಲಿ ಓಡಾಡುತ್ತಾರೆ ಎಂದು ಯೋಚನೆ ಮಾಡಿದರೆ ಬಸ್ಸು ಎಷ್ಟು ಸುರಕ್ಷಿತ ಎಂದು ಗೊತ್ತಾಗುತ್ತದೆ. ನಿಮ್ಮ ಗಾಡಿ ಬರದಿದ್ದರೆ ಆ ಮಕ್ಕಳು ಅಪ್ಪನ ಬೈಕಿನ ಟ್ಯಾಂಕ್ ಮೇಲೆ ಕೂತು ಬರುತ್ತಾರೆ. ಅದಕ್ಕಿಂತ ಯಾವ ಬಸ್ಸೂ ವಾಸಿ.

ಸೆಕೆಂಡ್ ಹ್ಯಾಂಡ್ ವ್ಯಾನ್ ಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಆ ಹಳೇ ಮಾದರಿಯ ವ್ಯಾನ್‌ಗಳಲ್ಲಿ ಡ್ರೈವರ್ ಕಾಲಿನ ಮುಂದೆ ಇರುವುದು ಬರೀ ತಗಡು. ಎಂಜಿನ್ ಸೀಟಿನ ಕೆಳಗಿರುತ್ತದೆ, ಮುಂದೆ ನಜ್ಜಾಗಿ ಪೆಟ್ಟು ತಡೆಯಲು ಏನೂ ಇಲ್ಲ. ಅದರ ಮೇಲೆ ಅಡ್ಡಡ್ಡ ಬೆಂಚು ಹಾಕಿಸಿ ಎಂಟು ಜನರ ಜಾಗದಲ್ಲಿ ಹದಿನೈದು ಮಕ್ಕಳನ್ನು ತುಂಬುತ್ತಾರೆ. ಬೆಲ್ಟ್ ಇಲ್ಲ, ಹಿಡಿದುಕೊಳ್ಳಲು ಕಂಬಿ ಇಲ್ಲ. ನಿಧಾನವಾಗಿ ತಗುಲಿದರೂ ಮಕ್ಕಳು ಒಬ್ಬರ ಮೇಲೊಬ್ಬರು ಹೋಗಿ ಬೀಳುತ್ತಾರೆ.

ಟಿಟಿ, ಮಿನಿ ಬಸ್ ಎರಡೂ ಆಗುತ್ತದೆ. ಟಿಟಿ ಎತ್ತರದ, ಅಗಲ ಕಡಿಮೆಯಿರುವ ಗಾಡಿ. ವೇಗದಲ್ಲಿ ಸ್ಟೇರಿಂಗ್ ಗಬಕ್ಕನೆ ಎಳೆದರೆ ಮಗುಚುವ ಭಯ ಇದೆ. ಮೇಲೆ ಕ್ಯಾರಿಯರ್ ಹಾಕಿಸಿ ಬ್ಯಾಗು ಪೇರಿಸಲೇಬೇಡಿ. ಮಿನಿ ಬಸ್ಸಿನ ತೊಂದರೆ ಬೇರೆ. ಅದರ ಮೂತಿಯ ಮುಂದೆ, ಎಡಗಡೆ ಬಾಗಿಲ ಹತ್ತಿರ ಡ್ರೈವರಿಗೆ ಕಾಣದ ಜಾಗ ಇರುತ್ತದೆ. ಇಳಿದ ಮಗು ಬಿದ್ದ ನೀರಿನ ಬಾಟಲಿ ಎತ್ತಲು ಬಸ್ಸಿನ ಮುಂದೆ ಬಗ್ಗುತ್ತದೆ. ಡ್ರೈವರಿಗೆ ಕಾಣುವುದಿಲ್ಲ, ಗಾಡಿ ಹೊರಡುತ್ತದೆ. ಶಾಲೆ ಬಸ್ಸಿನ ಎಷ್ಟೋ ಸಾವು ಡಿಕ್ಕಿಯಿಂದ ಆಗಿದ್ದಲ್ಲ, ಹೀಗೆ ತಮ್ಮದೇ ಬಸ್ಸಿನ ಚಕ್ರದಡಿ ಆಗಿದ್ದು. ಅದಕ್ಕೇ ಅಟೆಂಡರ್ ಇಲ್ಲದೆ ಗಾಡಿ ಬಿಡಬಾರದು. ಅವರು ಇಳಿದು, ಮಕ್ಕಳನ್ನು ರಸ್ತೆ ದಾಟಿಸಿ, ವಾಪಸ್ ಹತ್ತಿ ‘ರೈಟ್’ ಅನ್ನುವವರೆಗೆ ಡ್ರೈವರ್ ಕ್ಲಚ್ ಬಿಡಕೂಡದು. ರಿವರ್ಸ್ ತೆಗೆಯುವಾಗಲೂ ಅಷ್ಟೇ.

ವೇಗದ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ, ನಿಮ್ಮ ಸಭೆಯಲ್ಲಿ ಓದಿ ಹೇಳಿ. ಒಣಗಿದ ರಸ್ತೆ, ಒಳ್ಳೆಯ ಬ್ರೇಕ್, ಡ್ರೈವರ್ ಎಚ್ಚರವಾಗಿದ್ದಾನೆ ಅಂದುಕೊಳ್ಳಿ. ಅಡ್ಡ ಬಂದದ್ದನ್ನು ನೋಡಿ ಬ್ರೇಕ್ ತುಳಿಯಲು ಒಂದು ಸೆಕೆಂಡ್ ಬೇಕು. ಗಂಟೆಗೆ 40 ಕಿ.ಮೀ.ನಲ್ಲಿ ಮಿನಿ ಬಸ್ ನಿಲ್ಲಲು ಹತ್ತಿರ ಹತ್ತಿರ 23 ಮೀಟರ್ ಬೇಕು. 60ರಲ್ಲಿ 45 ಮೀಟರ್. 80ರಲ್ಲಿ 70 ದಾಟುತ್ತದೆ. ವೇಗ ಎರಡರಷ್ಟಾದರೆ ಪೆಟ್ಟಿನ ಜೋರು ನಾಲ್ಕರಷ್ಟು. ಸರಾಸರಿ ವೇಗ ಶೇ. 1 ಏರಿದರೆ ಸಾವು ತರುವ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 1997ರ ನಿಯಮದಲ್ಲಿ ಶಾಲಾ ಬಸ್ಸಿಗೆ ಗಂಟೆಗೆ 40 ಕಿ.ಮೀ. ಎಂದು ಕಟ್ಟಿಹಾಕಿದ್ದು ಸುಮ್ನೆ ಅಲ್ಲ. ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಹಾಕಿಸಿದ ಮೇಲೆ ಅದರ ವೈರ್ ಕಿತ್ತಿಲ್ಲ ತಾನೇ ಎಂದು ಆಗಾಗ ನೋಡಿಸಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆದ ಮಾರನೇ ದಿನವೇ ಕಿತ್ತು ಹಾಕುವವರನ್ನು ನೋಡಿದ್ದೇನೆ.

ನಿಮ್ಮ ರಸ್ತೆಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಿಮ್ಮ ಭಾಗದ ಅಪಾಯ ಬೇರೆ ಥರದ್ದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅದು ಒಳ್ಳೆಯ ತೀರ್ಮಾನ. 100ರಲ್ಲಿ ಹೋಗುವ ಕಾರಿನ ಮುಂದೆ 20ರಲ್ಲಿ ಹೋಗುವ ಟ್ರ್ಯಾಕ್ಟರ್ ಇರಬಾರದು. ಆದರೆ ಅವೆಲ್ಲ ಈಗ ಸರ್ವಿಸ್ ರಸ್ತೆಗೆ ಬಂದಿವೆ. ನಿಮ್ಮ ಶಾಲೆ ಗಾಡಿಯೂ ಅಲ್ಲೇ ಓಡಬೇಕು. ಕಬ್ಬು ಕಡಿಯುವ ಕಾಲದಲ್ಲಿ ಟ್ರೇಲರಿನ ಹಿಂದೆ ಲೈಟ್ ಇರುವುದಿಲ್ಲ, ಇದ್ದ ರಿಫ್ಲೆಕ್ಟರನ್ನು ಕಬ್ಬಿನ ಸೋಗೆ ಮುಚ್ಚಿರುತ್ತದೆ. ಡಿಸೆಂಬರ್ ಮಂಜಿನಲ್ಲಿ ಬೆಳಗ್ಗೆ ಏಳಕ್ಕೆ ಅಂಥದೊಂದು ಪಂಕ್ಚರ್ ಆಗಿ ನಿಂತಿದ್ದರೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಆ ಎರಡು ಮೂರು ತಿಂಗಳು ಶಾಲೆ ಶುರುವಾಗುವ ಹೊತ್ತನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿ. ಊರಿನ ರೈತರೆಲ್ಲ ನಿಮಗೆ ಗೊತ್ತಿರುವವರೇ ಅಲ್ವಾ, ನಾಲ್ಕು ರಿಫ್ಲೆಕ್ಟರ್ ಸ್ಟಿಕರ್ ತಂದು ಮಕ್ಕಳ ಕೈಲೇ ಅವರವರ ಮನೆಯ ಟ್ರೇಲರಿಗೆ ಅಂಟಿಸಿ.

ಕಾಲುವೆ ಏರಿ ಮೇಲಿನ ದಾರಿ ಇದ್ದರೆ ಆ ರೂಟ್ ಬಿಟ್ಟುಬಿಡಿ, ಐದು ಕಿ.ಮೀ. ಸುತ್ತಾದರೂ ಪರವಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದದ್ದು ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಶನಿವಾರ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಡ್ರೈವರ್ ತಪ್ಪು ಏನೇ ಇರಲಿ, ನಾಲೆ ಬದಿಗೆ ಗಟ್ಟಿಯಾದ ತಡೆಗೋಡೆ ಇದ್ದ ಕಡೆ ಅದೇ ತಪ್ಪಿಗೆ ಬಸ್ಸಿನ ಮೂತಿ ಜಜ್ಜಿಹೋಗುತ್ತಿತ್ತು, ಮಕ್ಕಳು ಮನೆ ಸೇರುತ್ತಿದ್ದರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದ ಹಾಗೆ ರಸ್ತೆ ಇರಬೇಕು ಎಂದು ದಿಲ್ಲಿ ಐಐಟಿಯ ಪ್ರೊ. ದಿನೇಶ್ ಮೋಹನ್ ಬದುಕಿರುವವರೆಗೂ ವಾದಿಸಿದರು. ನಿಮ್ಮ ರೂಟಿನಲ್ಲಿ ಅಂಥ ಜಾಗ ಇದ್ದರೆ ಪಂಚಾಯಿತಿಗೆ, ಲೋಕೋಪಯೋಗಿ ಇಲಾಖೆಗೆ ಫೋಟೋ ಸಮೇತ ಬರೆದುಕೊಡಿ, ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಒಟ್ಟು ನನ್ನ ಆಯ್ಕೆ ಕೇಳಿದರೆ ಮಿನಿ ಬಸ್, ನಿವೃತ್ತ ಬಸ್ ಡ್ರೈವರ್ ಮೊದಲು. ಆರೋಗ್ಯ ಪರೀಕ್ಷೆಯಲ್ಲಿ ಅವರಿಗೆ ಆಗದಿದ್ದರೆ, ಚಲನ್ ದಾಖಲೆ ಶುದ್ಧವಾಗಿದ್ದು ರಾತ್ರಿ ಬಾಡಿಗೆ ಬಿಡಲು ಒಪ್ಪಿದರೆ, ಲಾರಿಯವರು. ಯಾರೇ ಆಗಲಿ, ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಖಾಲಿ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ನಿಮ್ಮ ರೂಟನ್ನು ಒಂದು ಸುತ್ತು ಬನ್ನಿ. ಹಂಪ್ ಬರುವ ಮೊದಲೇ ಕಾಲು ಎತ್ತುತ್ತಾರಾ, ಹಂಪ್ ಮೇಲೆ ಎತ್ತುತ್ತಾರಾ ನೋಡಿ. ಕನ್ನಡಿ ನೋಡುತ್ತಾರಾ? ಹಸು ಅಡ್ಡ ಬಂದರೆ ಹಾರ್ನ್ ಮೊದಲಾ, ಬ್ರೇಕ್ ಮೊದಲಾ? ಫೋನ್ ರಿಂಗ್ ಆದಾಗ ಕೈ ಎಲ್ಲಿ ಹೋಗುತ್ತದೆ? ನೀವೇ ಯಾರ ಕೈಲಾದರೂ ಒಂದು ಕಾಲ್ ಮಾಡಿಸಿ ನೋಡಿ.

ಗಾಡಿ ಕೊಳ್ಳುವಾಗ ಟೈರಿನ ಗೋಡೆ ಮೇಲಿನ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಗೀರಿನ ಆಳ ಸವೆದು 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಕಾನೂನಿನಲ್ಲೇ ನಡೆಯುವುದಿಲ್ಲ. ಕೊನೆಗೆ ಹಿಂದಿನ ಎಮರ್ಜೆನ್ಸಿ ಬಾಗಿಲನ್ನು ನಿಮ್ಮ ಮಗಳ ಕೈಲೇ ಒಳಗಿನಿಂದ ತೆಗೆಸಿ ನೋಡಿ. ಆ ಪುಟ್ಟ ಕೈಗೆ ಹಿಡಿ ತಿರುಗದಿದ್ದರೆ, ತಿರುಗುವವರೆಗೆ ಗ್ರೀಸ್ ಹಾಕಿಸಿ ಸರಿಮಾಡಿಸಿಕೊಂಡೇ ಗಾಡಿಗೆ ದುಡ್ಡು ಕೊಡಿ.